ಮುಂಗುಸಿ ಬೆಡಗು

“ಓದದೆ ಹೊಗಳೋ ಮನುಷ್ಯ ನಾನಲ್ಲ ಕಣೇ! ಮೊದಲನೇ ಅಕ್ಷರದಿಂದ ಹಿಂದಿನ ರಟ್ಟಿನವರೆಗೂ ಓದ್ತೀನಿ. ಓದಿ, ವೇದಿಕೆ ಮೇಲೆ ನಿಂತು, ಇದ್ದದ್ದು ಇದ್ದಂಗೆ ಹೇಳ್ತೀನಿ!”

ಚಳ್ಳಕೆರೆಯ ತನ್ನ ಮನೆಯ ಜಗುಲಿಯಲ್ಲಿ ಕೂತು ಚಿಕ್ಕೀರಪ್ಪ ಹೀಗೆ ಘೋಷಿಸಿದಾಗ, ಒಳಗೆ ಶೇಂಗಾ ಹುರಿಯುತ್ತಿದ್ದ ಹೆಂಡತಿ ನಾಗರತ್ನಳ ಸೌಟು ಗಕ್ಕನೆ ನಿಂತಿತು. ಇದ್ದದ್ದು ಇದ್ದಂತೆ ಹೇಳುವ ಈ ಬಾಯಿಯಿಂದಲೇ ಆಕೆ ತವರನ್ನು ಕಳೆದುಕೊಂಡಿದ್ದಳು.

ಚಿಕ್ಕೀರಪ್ಪ ಬೆಡಗಿನ, ಅಂದರೆ ಕುಲದೊಳಗಿನ ಬಳಿಯ, ವಿಷಯದಲ್ಲಿ ಮಹಾ ಪಂಡಿತ. ಒಂದೇ ಬೆಡಗಿನವರು ಅಣ್ಣ ತಂಗಿಯರ ಲೆಕ್ಕ, ಅವರೊಳಗೆ ಮದುವೆ ಕೂಡದು ಎಂಬುದು ಊರಿಗೆಲ್ಲ ಗೊತ್ತು. ಆದರೆ ಯಾರದು ಯಾವ ಬೆಡಗು ಎಂಬುದು ಅವರವರಿಗಿಂತ ಚೆನ್ನಾಗಿ ಚಿಕ್ಕೀರಪ್ಪನಿಗೆ ಗೊತ್ತು! ಯಾವ ಗಿಡ ಕಡಿಯುವುದಿಲ್ಲ, ಯಾವ ಪ್ರಾಣಿಗೆ ಕೈ ಮುಗಿಯುತ್ತಾರೆ, ಇಷ್ಟು ಹೇಳಿದರೆ ಸಾಕು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುತ್ತಾತನ ತನಕ ಜಾಲಾಡಿಬಿಡುತ್ತಿದ್ದ. ಮೂರು ವರ್ಷದ ಹಿಂದೆ ಮೊಳಕಾಲ್ಮೂರಿನಲ್ಲಿ ನಾಗರತ್ನಳ ತಮ್ಮ ಹನುಮಣ್ಣನ ದೊಡ್ಡ ಮಗಳ ನಿಶ್ಚಿತಾರ್ಥ. ಸರಿಯಾಗಿ ತಾಂಬೂಲದ ತಟ್ಟೆ ಕೈ ಬದಲಾಯಿಸುವ ಹೊತ್ತಿಗೆ ಈ ಪಾಂಡಿತ್ಯ ಎದ್ದು ನಿಂತು, ಗಂಡು ಹೆಣ್ಣು ಒಂದೇ ಬೆಡಗು ಎಂದು ಸಾರಿತು. ಗಂಡಿನ ಕಡೆಯವರು ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟು ಎದ್ದು ಹೋದರು. ಹುಡುಗಿಗೆ ಆಮೇಲೆ ಬೇರೆ ಕಡೆ ಒಳ್ಳೆಯ ಸಂಬಂಧವೇ ಸಿಕ್ಕಿತು. ಆದರೆ ಆ ಮದುವೆಗೆ ಅಕ್ಕ ಭಾವನಿಗೆ ಕರೆ ಬರಲಿಲ್ಲ. ಅಂದಿನಿಂದ ಮೊಳಕಾಲ್ಮೂರು ಬೋರ್ಡಿನ ಬಸ್ಸು ಕಂಡರೆ ನಾಗರತ್ನ ಮುಖ ಆಚೆ ತಿರುಗಿಸಿಬಿಡುತ್ತಿದ್ದಳು. ಒದ್ದೆ ಕಣ್ಣು ಗಂಡನಿಗೆ ಕಾಣಬಾರದಲ್ಲ!

ಈಗ ಹನುಮಣ್ಣನ ಎರಡನೇ ಮಗಳು ನಿರ್ಮಲಾ ಕಾದಂಬರಿ ಬರೆದಿದ್ದಾಳೆ. ಹರೆಯದ ಹುಡುಗ ಹುಡುಗಿಯರಿಗಾಗಿ ಬರೆದ ಮಾಯಾಲೋಕದ ಕಥೆ, ಹೆಸರು ‘ಉರಿಬೆಟ್ಟದ ಸವಾರ’. ಅತ್ತೆ ಬರದಿದ್ದರೆ ಬಿಡುಗಡೆಯೇ ಬೇಡ, ಓದುಗರ ಪರವಾಗಿ ಮಾವನೇ ಅಭಿಪ್ರಾಯ ಹೇಳಬೇಕು ಎಂದು ಹುಡುಗಿ ಹಟ ಹಿಡಿದು, ಪುಸ್ತಕವನ್ನೂ ಕಳಿಸಿದ್ದಳು. ಹನುಮಣ್ಣ ಬೆಳಿಗ್ಗೆಯೇ ಫೋನು ಮಾಡಿದ್ದ.

“ಅಕ್ಕಾ, ಭಾನುವಾರ ಬಾ. ಭಾವನ್ನೂ ಕರ್ಕಂಡು ಬಾ. ಆದ್ರೆ ಬಾಯಿ ಮನೇಲೇ ಬಿಟ್ಟು ಬರಾಕೆ ಹೇಳು.”

ನಾಗರತ್ನ ಸೌಟು ಹಿಡಿದುಕೊಂಡೇ ಜಗುಲಿಗೆ ಬಂದಳು.

“ನೋಡ್ರಿ, ಮೂರೇ ಮಾತು. ಚೆನ್ನಾಗೈತೆ. ಇನ್ನೂ ಬರಿಯವ್ವ. ಎಲ್ರಿಗೂ ನಮಸ್ಕಾರ. ನಾಕನೇ ಮಾತು ಆಡಿದ್ರೆ ನನ್ನ ತವರು ಈ ಜನ್ಮಕ್ಕೆ ಮುಗೀತು. ತಿಳೀತಾ?”

“ತಿಳೀತು ಮಾರಾಯ್ತಿ! ಆದ್ರೆ ಓದೋದಂತೂ ಪೂರ್ತಿ ಓದ್ತೀನಿ.”

ಓದಿದ. ಉಂಡ ಕೈ ತೊಳೆಯದೆ ಓದಿದ! ಬೆಂಕಿ ಉಗುಳುವ ಉಡದ ಮೇಲೆ ಕೂತು ಧೂಮಕೇತ ಎಂಬ ವೀರ ಬಂದ. ಚಿಕ್ಕೀರಪ್ಪ ಒಪ್ಪಿದ. ಹೊಳೆ ಗುಡ್ಡದ ಮೇಲಕ್ಕೆ ಹರಿಯಿತು. ಅದನ್ನೂ ಒಪ್ಪಿದ. ಮೋಡದ ಮೇಲೆ ಒಂದು ಪಟ್ಟಣವೇ ತೇಲಿ ಬಂದಾಗ, “ಕುದಾಪುರದಾಗೆ ವಿಮಾನ ಪರೀಕ್ಷೆ ಮಾಡೋ ಕಡೆ ದಿನಾ ಏನಾದ್ರೂ ಹಾರ್ತಾನೇ ಇರ್ತೈತೆ, ಇದೇನು ಮಹಾ!” ಎಂದು ಪುಟ ತಿರುಗಿಸಿದ. ಆ ಪಟ್ಟಣದ ರೆಕ್ಕೆಯ ಹುಡುಗಿ ಮೇಘನೀಲೆ ಧೂಮಕೇತನನ್ನು ಕಾಪಾಡಲು ಸಿಡಿಲಿಗೆ ಎದೆಯೊಡ್ಡಿದಾಗ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಕೊನೆಯ ಅಧ್ಯಾಯದಲ್ಲಿ ಇಬ್ಬರಿಗೂ ಮದುವೆ ಆಗುವುದರಲ್ಲಿತ್ತು. ಅಷ್ಟರಲ್ಲಿ ಅವನ ತಲೆಯೊಳಗೆ ಏನೋ ಟಣ್ ಎಂದಿತು. ಹಿಂದಿನ ಪುಟಗಳನ್ನು ಪರಪರ ತಿರುವಿದ.

“ಅಯ್ಯಯ್ಯೋ! ಅಣ್ಣ ತಂಗಿ ಕಣೇ!”

“ಯಾರ್ರೀ?” ನಾಗರತ್ನ ಓಡಿ ಬಂದಳು.

“ಧೂಮಕೇತನ ಕಡೆಯೋರು ಮುಂಗುಸಿ ಅಡ್ಡ ಬಂದ್ರೆ ಉಡದಿಂದ ಇಳ್ದು ಕೈ ಮುಗೀತಾರೆ. ಈ ಹುಡುಗಿ ಅಪ್ಪನ ಮನೇಲಿ ಮುಂಗುಸಿಗೆ ಹಾಲಿಟ್ಟೇ ಊಟ ಮಾಡ್ತಾರೆ. ಇಬ್ರದ್ದೂ ಮುಂಗುಸಿ ಬೆಡಗು!”

“ಅವಳಿಗೆ ರೆಕ್ಕೆ ಐತಲ್ರೀ! ಅವನಿಗಿಲ್ಲ. ಅದೆಂಗೆ ಒಂದೇ ಬೆಡಗು?”

“ರೆಕ್ಕೆ ತಾಯಿ ಕಡೇದು! ಬೆಡಗು ತಂದೆ ಕಡೇದು!”

ನಾಗರತ್ನ ಮೂರು ಬೆರಳು ಎತ್ತಿ ತೋರಿಸಿ ಒಳಗೆ ಹೋದಳು.

ಚಿಕ್ಕೀರಪ್ಪನಿಗೆ ಅನ್ನ ಸೇರಲಿಲ್ಲ. ಹೇಳಿದರೆ ಹೆಂಡತಿಯ ತವರು ಹೋಗುತ್ತದೆ. ಹೇಳದಿದ್ದರೆ ಧರ್ಮ ಹೋಗುತ್ತದೆ. ಇದಕ್ಕೊಂದು ದಾರಿ ಇದ್ದರೆ ಅದು ತಳಕು ಊರಿನ ಕ್ಯಾತಣ್ಣನಿಗೆ ಮಾತ್ರ ಗೊತ್ತಿರಲು ಸಾಧ್ಯ. ಬೆಡಗಿನ ವಿಷಯದಲ್ಲಿ ಕ್ಯಾತಣ್ಣ ಎಂದರೆ ಸುಪ್ರೀಂ ಕೋರ್ಟು! ಆದರೆ ಕಥೆ ಪುಸ್ತಕದ ಬೆಡಗು ಕೇಳುತ್ತಿದ್ದೇನೆ ಎಂದರೆ ಮಾನ ಉಳಿಯುತ್ತದೆಯೇ? ಆದ್ದರಿಂದ ಪುಸ್ತಕದ ಮಾತನ್ನು ನುಂಗಿಕೊಂಡು ಫೋನು ಹಚ್ಚಿದ.

“ಹುಡುಗ ಯಾವೂರು?” ಕ್ಯಾತಣ್ಣ ಕೇಳಿದ.

“ಉರಿಬೆಟ್ಟ.”

“ಆಂಧ್ರದ ಕಡೇನಾ?”

“ಅದಕ್ಕಿಂತ ಆಚೆ.”

“ಏನು ಇಟ್ಕಂಡವ್ನೆ?”

“ಒಂದು... ಗಾಡಿ ಐತೆ. ಹೊಗೆ ಜಾಸ್ತಿ.”

“ಹುಡುಗಿ ಮನೆ?”

“ಭಾಳ ಎತ್ತರದಾಗೈತೆ.”

“ಓ, ಅಪಾರ್ಟ್‌ಮೆಂಟು! ವಯಸ್ಸು?”

ಪುಸ್ತಕದ ಪ್ರಕಾರ ಮೇಘನೀಲೆಗೆ ಇನ್ನೂರ ಹತ್ತು ವರ್ಷ. “ವಯಸ್ಸಿಗೇನೂ ತೊಂದ್ರೆ ಇಲ್ಲಣ್ಣ, ಬೇಕಾದಷ್ಟು ಆಗೈತೆ” ಎಂದ ಚಿಕ್ಕೀರಪ್ಪ, ಮುಂಗುಸಿಯ ವಿಷಯವನ್ನೂ ಹೇಳಿದ.

“ಲೇ ಚಿಕ್ಕೀರ, ಇದು ಅಣ್ಣ ತಂಗಿ ಕಣಲೇ! ಯಾರ ಮನೆ ಮಾತಿದು?”

“ನಮ್ಮ ಹನುಮಣ್ಣನ ಮನೇದು. ಭಾನುವಾರ ಸಮುದಾಯ ಭವನದಾಗೆ ಬಿಡುಗಡೆ... ಅಲ್ಲಲ್ಲ, ಕಾರ್ಯ ಐತೆ.”

ಫೋನು ಕಟ್ಟಾಯಿತು. ಸುಪ್ರೀಂ ಕೋರ್ಟು ಯೋಚನೆಗೆ ಕೂತಿದೆ ಎಂದು ಚಿಕ್ಕೀರಪ್ಪ ಸಮಾಧಾನಪಟ್ಟುಕೊಂಡ.

ಭಾನುವಾರ ಬಂತು. ಮೊಳಕಾಲ್ಮೂರಿನ ಸಮುದಾಯ ಭವನ ತುಂಬಿತ್ತು. ಹನುಮಣ್ಣನ ರೇಷ್ಮೆ ಮಗ್ಗದ ಕೆಲಸದವರು, ಬಂಧು ಬಳಗ, ಸ್ಕೂಲು ಮಕ್ಕಳು, ಮುಂದಿನ ಸಾಲಿನಲ್ಲಿ ಅವನ ತಾಯಿ ಸೂರಮ್ಮ. ಮೂರು ವರ್ಷದ ನಂತರ ತಾಯಿಯ ಪಕ್ಕ ಕೂತ ನಾಗರತ್ನ, ಆಕೆಯ ಸೆರಗಿನ ಚುಂಗನ್ನು ಚಿಕ್ಕ ಹುಡುಗಿಯ ಹಾಗೆ ಹಿಡಿದುಕೊಂಡಿದ್ದಳು. ಚಿಕ್ಕೀರಪ್ಪ ವೇದಿಕೆಯಿಂದ ಅದನ್ನು ಕಂಡ. ಧರ್ಮ ಹಾಳಾಗಿ ಹೋಗಲಿ ಎಂದು ತೀರ್ಮಾನಿಸಿ ಮೈಕಿನ ಮುಂದೆ ನಿಂತ.

“ಚೆನ್ನಾಗೈತೆ” ಎಂದ. ಚಪ್ಪಾಳೆ!

“ಇನ್ನೂ ಬರಿಯವ್ವ” ಎಂದ. ಮತ್ತೆ ಚಪ್ಪಾಳೆ! ನಾಗರತ್ನಳ ಮುಖ ಅರಳಿತು.

ನಮಸ್ಕಾರಕ್ಕೆ ಕೈ ಎತ್ತುವಷ್ಟರಲ್ಲಿ ಹೊರಗೆ ಟೆಂಪೊ ನಿಂತ ಸದ್ದಾಯಿತು. ಹೆಗಲ ಮೇಲೆ ಟವೆಲು ಹಾಕಿದ ಹಿರಿಯರ ದಂಡು ಒಳಗೆ ನುಗ್ಗಿತು. ದಂಡಿನ ಮುಂದೆ ಕ್ಯಾತಣ್ಣ!

“ನಿಲ್ಲಿಸ್ರೀ ಮದುವೇನ!”

ಸಭೆ ದಂಗಾಯಿತು. ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಕಾಲೇಜು ಮೇಷ್ಟ್ರು ಹಾರ ಹಾಕಿಕೊಂಡು ನಿರ್ಮಲಾ ಪಕ್ಕದಲ್ಲೇ ನಿಂತಿದ್ದರು. ಹಾರ ಕಂಡದ್ದೇ ತಡ, ಕ್ಯಾತಣ್ಣ ಅವರ ರಟ್ಟೆ ಹಿಡಿದ.

“ಉರಿಬೆಟ್ಟದೋನು ನೀನೇನಾ?”

“ಸ್ವಾಮೀ, ಬಿಡ್ರಿ! ನಂಗೆ ಆಗ್ಲೇ ಮದುವೆ ಆಗೈತೆ!”

“ಅದು ಬೇರೆ ಆಗೈತಾ!” ಕ್ಯಾತಣ್ಣ ಹಣೆ ಚಚ್ಚಿಕೊಂಡ.

ಹನುಮಣ್ಣ ನಿಧಾನವಾಗಿ ಚಿಕ್ಕೀರಪ್ಪನ ಕಡೆ ತಿರುಗಿದ. “ಭಾವಾ, ಮತ್ತೆ ನೀವೇನಾ?”

ಚಿಕ್ಕೀರಪ್ಪ ಮುಂಗುಸಿಯಿಂದ ಹಿಡಿದು ಫೋನಿನವರೆಗೆ ಎಲ್ಲ ಬಾಯಿಬಿಟ್ಟ. ಕಥೆ ಪುಸ್ತಕ ಎಂದು ತಿಳಿದ ಮೇಲಾದರೂ ಕ್ಯಾತಣ್ಣ ನಾಚಿಕೊಳ್ಳಬಹುದು ಎಂದು ಎಲ್ಲರೂ ಕಾದರು. ಅವನು ಕುರ್ಚಿ ಎಳೆದುಕೊಂಡು ಕೂತ!

“ಕಥೆ ಆದ್ರೇನು? ಬೆಡಗು ಬೆಡಗೇ. ಎಲ್ಲಿ, ಮುಂಗುಸಿ ಬರೋ ಜಾಗ ಓದ್ರಿ.”

ಓದಲಾಯಿತು. ತಳಕಿನ ಹಿರಿಯರು ಲೊಚಗುಟ್ಟಿದರು.

“ತಾತಾ, ಮುಂಗುಸಿ ಚೆಂದ ಕಾಣ್ಲಿ ಅಂತ ಹಾಕಿದ್ದು!” ನಿರ್ಮಲಾ ಪುಸ್ತಕವನ್ನು ಎದೆಗವಚಿಕೊಂಡು ಹೇಳಿದಳು.

“ಚೆಂದಕ್ಕೆ ಯಾರಾದ್ರೂ ಬೆಡಗು ಹಾಕ್ತಾರೇನವ್ವ?”

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡ ಹನುಮಣ್ಣ ಕೈ ಜೋಡಿಸಿ ಅಕ್ಕನ ಮುಂದೆ ನಿಂತ. “ಅಕ್ಕಾ, ದೊಡ್ಡೋಳ ನಿಶ್ಚಿತಾರ್ಥ ಹಾಳಾತು. ಚಿಕ್ಕೋಳ ಪುಸ್ತಕಾನೂ ಹಾಳಾತು. ಸಾಕವ್ವ, ಎದ್ದೇಳು. ಇನ್ನು ಈ ಮನೆ...”

ನಾಗರತ್ನ ಸೆರಗಿನ ಚುಂಗು ಬಿಟ್ಟು ಎದ್ದಳು. ಆಕೆ ಗಂಡನ ಕಡೆ ನೋಡಲೂ ಇಲ್ಲ.

“ಉಂಡ್ರಾ, ಉಂಡು! ತಾಳು ಅಂತಿದೀನಿ!” ಸಿಟ್ಟು ಬಂದರೆ ಮನೆಮಾತು ತೆಲುಗಿಗೆ ಹೊರಳುವ ಸೂರಮ್ಮನ ದನಿಗೆ ಮಗ ಅರ್ಧಕ್ಕೇ ಬಾಯಿ ಮುಚ್ಚಿದ. “ಬೆಡಗು ಕೂಡದಿದ್ರೆ ಏನ್ ಮಾಡ್ತಾರೆ? ಹುಡುಗೀನ ಬ್ಯಾರೆ ಬೆಡಗ್ನೋರ ಮಡ್ಲಿಗೆ ಹಾಕಿ, ಅವ್ರ ಮಗಳು ಮಾಡಿ, ಆಮ್ಯಾಲೆ ಧಾರೆ ಎರೀತಾರೆ. ಅಲ್ಲೇನೋ ಕ್ಯಾತಾ?”

ಸುಪ್ರೀಂ ಕೋರ್ಟು ತಲೆ ಕೆರೆದುಕೊಂಡಿತು. “ಹಂಗೂ ಉಂಟು, ಚಿಕ್ಕವ್ವ.”

“ಅವತ್ತು ನಿಶ್ಚಿತಾರ್ಥದಾಗೂ ಇದನ್ನೇ ಹೇಳ್ಬೇಕು ಅಂತಿದ್ದೆ. ಈ ಅಳಿಯದೇವ್ರು ನಂಗೆ ಬಾಯಿ ಬಿಡಾಕೆ ಬಿಟ್ರೆ ತಾನೆ!” ಮುದುಕಿ ಕೋಲೆತ್ತಿ ಚಿಕ್ಕೀರಪ್ಪನ ಕಡೆ ತೋರಿಸಿದಳು. “ಮುಂಗುಸಿ ಬೆಡಗು ಅಲ್ದೋನು ಇಲ್ಲೇ ನಿಂತವ್ನೆ ನೋಡ್ರಿ, ಬಾಯಿ ಬಿಟ್ಕಂಡು. ಅವನ ಮಡ್ಲಿಗೇ ಹಾಕ್ರಿ!”

ಮರುಕ್ಷಣ ವೇದಿಕೆಯ ಮೇಲೆ ಚಾಪೆ ಬಿತ್ತು. ಚಿಕ್ಕೀರಪ್ಪ ನಾಗರತ್ನ ಜೋಡಿಯಾಗಿ ಕೂತರು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಸಮೇತ ‘ಉರಿಬೆಟ್ಟದ ಸವಾರ’ವನ್ನು ಮಡಿಲಿಗೆ ಇಟ್ಟರು. ಮೇಘನೀಲೆ ಇನ್ನೂರ ಹತ್ತನೇ ವಯಸ್ಸಿನಲ್ಲಿ ಚಳ್ಳಕೆರೆಯವಳಾದಳು! ನಿರ್ಮಲಾ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು. ಧಾರೆಯ ಮಾತು ಬರುತ್ತಿದ್ದಂತೆ ತಳಕಿನ ಹಿರಿಯರು ಅಕ್ಷತೆ ಎರಚಿದರು. ಹನುಮಣ್ಣ ನಗು ತಡೆಯಲಾರದೆ ಅಕ್ಕನ ಕೈ ಹಿಡಿದುಕೊಂಡು ನಕ್ಕ, ಅಕ್ಕ ಅತ್ತಳು, ಆಮೇಲೆ ಇಬ್ಬರೂ ನಕ್ಕರು.

“ಮಾವಾ, ನಿಮ್ಮ ಅಭಿಪ್ರಾಯ ಅರ್ಧಕ್ಕೇ ನಿಂತೈತೆ” ಎಂದು ನಿರ್ಮಲಾ ಮೈಕು ಕೊಟ್ಟಳು.

ಚಿಕ್ಕೀರಪ್ಪ ಎದ್ದ. ಆದರೆ ಈಗ ಅವನು ವಿಮರ್ಶಕನಲ್ಲ, ಹೆಣ್ಣಿನ ತಂದೆ! ಹೆಣ್ಣು ಹೆತ್ತವನು ಬೀಗರ ಮುಂದೆ ಆಡಬಹುದಾದ ಮಾತು ಇರುವುದೇ ಒಂದು. ಟವೆಲನ್ನು ಹೆಗಲಿಂದ ಇಳಿಸಿ, ಎರಡೂ ಕೈ ಮುಗಿದು, ಬಗ್ಗಿ ಹೇಳಿದ.

“ಏನಾದ್ರೂ ಹೆಚ್ಚು ಕಮ್ಮಿ ಆಗಿದ್ರೆ ಹೊಟ್ಟೆಗೆ ಹಾಕ್ಕಳ್ರಿ. ಎಲ್ರೂ ಊಟ ಮಾಡ್ಕಂಡೇ ಹೋಗ್ಬೇಕು.”

ಈಗ ನಿರ್ಮಲಾ ಎರಡನೇ ಭಾಗ ಬರೆಯುತ್ತಿದ್ದಾಳೆ. ನಾಗರತ್ನ ಮನಸ್ಸು ಬಂದಾಗಲೆಲ್ಲ ಮೊಳಕಾಲ್ಮೂರು ಬಸ್ಸು ಹತ್ತುತ್ತಾಳೆ. ಮೊನ್ನೆ ಚಿಕ್ಕೀರಪ್ಪ ಪೇಟೆಯಿಂದ ಬಂದರೆ, ವೆಲ್ಡಿಂಗ್ ಅಂಗಡಿಯ ರಫೀಕ್ ಟೇಪು ಹಿಡಿದು ಬಾಗಿಲ ಅಳತೆ ತೆಗೆಯುತ್ತಿದ್ದ.

“ಏನಪ್ಪಾ ಇದು?”

“ಬಾಗ್ಲು ಅಗಲ ಮಾಡ್ಬೇಕಂತೆ ಅಣ್ಣಾ. ನಿಮ್ಮ ಮಗಳು ಮೊದಲ್ನೇ ಬಾಣಂತನಕ್ಕೆ ಬರ್ತಾಳಂತಲ್ಲ, ಎರಡನೇ ಭಾಗದಾಗೆ. ಒಂದೇ ಡೌಟು. ರೆಕ್ಕೆ ಬಿಚ್ಚಿದ ಅಳತೆ ಹಿಡೀಲಾ, ಮಡಿಸಿದ್ದು ಹಿಡೀಲಾ?”

ಒಳಗಿಂದ ನಾಗರತ್ನ ಕೂಗಿದಳು. “ಬಿಚ್ಚಿದ್ದೇ ಹಿಡಿ ರಫೀಕ್! ತವರಿಗೆ ಬರೋ ಮಗಳು ರೆಕ್ಕೆ ಮಡಿಸ್ಕಂಡು ಬರಬಾರ್ದು.”

ಚಿಕ್ಕೀರಪ್ಪ ಬಾಯಿ ತೆರೆದ. ಹೆಂಡತಿ ಹೊಸ್ತಿಲಿಗೆ ಬಂದು ಮೂರು ಬೆರಳು ತೋರಿಸಿದಳು. ಅವನು ಬಾಯಿ ಮುಚ್ಚಿ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ. ಹೆಂಡತಿ ಒಳಗೆ ಹೋದ ಮೇಲೆ, ಆಕೆಗೆ ಕೇಳದ ಹಾಗೆ, ಪಿಸುಗುಟ್ಟಿದ.

“ಹಂಗೇ ಹಿತ್ತಲಾಗೆ ಒಂದು ಕಬ್ಬಿಣದ ಗೂಟ ನೆಟ್ಬಿಡು ರಫೀಕ್. ಅಳಿಯಂದ್ರು ಉಡ ಕಟ್ಟಾಕೆ. ಶೇಂಗಾ ಹೊಟ್ಟಿನ ಬಣವೆಯಿಂದ ದೂರ ನೆಡಪ್ಪ, ಬೆಂಕಿ ಉಗುಳ್ತೈತೆ.”