ಪದ್ಮಾವತಿಯ ಪಾರಣೆ

ಮನುಷ್ಯನಿಗೆ ಹುಚ್ಚು ಹಿಡಿಯುವುದೇ ಆದರೆ ಮನೆತನಕ್ಕೆ ಹೊಂದುವ ಹುಚ್ಚು ಹಿಡಿಯಬೇಕು. ಉಡುಪಿಯ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿದ ನನಗೆ ದುಬೈಗೆ ಬಂದ ಮೇಲೆ ಹಿಡಿದದ್ದು ಮೀನಿನ ಹುಚ್ಚು. ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನ ಶೆಟ್ಟರು, "ಸಾಕುವುದು ಸರಿ ಭಟ್ರೆ, ಮಸಾಲೆ ಅರೆಯುವುದು ಯಾವಾಗ?" ಎಂದು ಊಟದ ಹೊತ್ತಿಗೆಲ್ಲ ಕೇಳುತ್ತಾರೆ. ಇದು ತಿನ್ನುವ ಮೀನಲ್ಲ, ನೋಡುವ ಮೀನು, ಜಪಾನಿನ ಕೊಯ್ ಎಂದರೆ, "ನೋಡಿ ಆದ ಮೇಲೆ?" ಎನ್ನುತ್ತಾರೆ.

ನಮ್ಮ ಬಾಡಿಗೆ ವಿಲ್ಲಾದ ಹಿತ್ತಲಲ್ಲಿ ಮೊದಲಿದ್ದವರು ಬಿಟ್ಟುಹೋದ ಸಣ್ಣ ಕೊಳವಿದೆ. ಅದರಲ್ಲಿ ಹಾಲುಬಿಳುಪಿನ ಮೈಯ, ಬೆನ್ನ ಮೇಲೆ ಕುಂಕುಮ ಚೆಲ್ಲಿದಂಥ ನನ್ನ ಮೀನು. ಮಗಳು ಸ್ಟ್ರಾಬೆರಿ ಎಂದು ಹೆಸರಿಟ್ಟಳು. ವಿಸಿಟ್ ವೀಸಾದಲ್ಲಿ ಬಂದ ನಮ್ಮತ್ತೆ ಪದ್ಮಾವತಿ ಎಂದು ತಿದ್ದಿದರು. ಬೇಸಿಗೆಯಲ್ಲಿ ಕೊಳದ ನೀರು ಕಾಯಬಾರದೆಂದು ಚಿಲ್ಲರ್ ಹಾಕಿಸಿದ್ದೇನೆ. ಕರೆಂಟು ಬಿಲ್ಲಿಗೆ ಹೆದರಿ ನಾವು ಎಸಿ ಆರಿಸಿ ಬೆವರುತ್ತೇವೆ, ಅವಳು ತಣ್ಣಗಿರುತ್ತಾಳೆ. ಸಂಜೆ ಕೊಳದ ಕಟ್ಟೆಯ ಮೇಲೆ ಕುಳಿತರೆ ಲೋಕವೇ ನಿಧಾನವಾಗುತ್ತದೆ. ಮಸೀದಿಯ ಬಾಂಗ್ ಮುಗಿದು, ಆಕಾಶದ ಕೊನೆಯ ಬಣ್ಣ ನೀರಿಗಿಳಿದು, ಪದ್ಮಾವತಿ ಅದರೊಳಗೆ ಸದ್ದಿಲ್ಲದೆ ಸುತ್ತುವಾಗ ನಾನು ಯಾರ ಗಂಡ, ಯಾರ ನೌಕರ ಎಂಬುದೂ ಮರೆತುಹೋಗುತ್ತದೆ. ಅಂಥದೇ ಒಂದು ಸಂಜೆ ನೀರಿನ ಮೇಲೆ ಟ್ರೋಫಿಯೊಂದು ತೇಲಿದಂತೆ ಕಂಡಿತು. ಕೊಯ್ ಪ್ರದರ್ಶನದಲ್ಲಿ ನನ್ನ ಹೆಸರು ಕೂಗುತ್ತಿದ್ದಾರೆ, ಶೆಟ್ಟರು ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಮರುದಿನವೇ ಸ್ಪರ್ಧೆಗೆ ಹೆಸರು ಕೊಟ್ಟೆ.

ಪ್ರದರ್ಶನಕ್ಕೆ ಮೊದಲು ಕೆಲವು ದಿನ ಮೀನಿಗೆ ತಿನ್ನಲು ಹಾಕಬಾರದು. ಹೊಟ್ಟೆ ತುಂಬಿದ ಮೀನು ಅಲ್ಲಿ ಬಿಡುವ ತೊಟ್ಟಿಯ ನೀರು ಕೆಡಿಸುತ್ತದೆ, ಕೆಟ್ಟ ನೀರಿನಲ್ಲಿ ತೀರ್ಪುಗಾರರಿಗೆ ಬಣ್ಣ ಕಾಣುವುದಿಲ್ಲ. ಇದನ್ನೆಲ್ಲ ಅತ್ತೆಗೆ ವಿವರಿಸುವ ಬದಲು, "ಅದಕ್ಕೆ ಉಪವಾಸ" ಎಂದುಬಿಟ್ಟೆ.

"ಓ, ಉಪವಾಸವಾ!" ಅತ್ತೆಯ ಮುಖ ಅರಳಿತು. ಅಂದಿನಿಂದ ಕೊಳದ ಕಾವಲು ಅವರದೇ. ಮಗಳು "ಅಜ್ಜಿ, ಜಸ್ಟ್ ಒನ್ಸ್, ಪ್ಲೀಸ್" ಎಂದು ಮೀನಿನ ತಿಂಡಿ ಹಿಡಿದು ಬಂದರೆ, "ವ್ರತ ಕೆಡಿಸ್ಬಾರ್ದು ಮಗಾ" ಎಂದು ಓಡಿಸುತ್ತಿದ್ದರು. ಪ್ರದರ್ಶನದ ಹಿಂದಿನ ದಿನ ಏಕಾದಶಿ. ಅತ್ತೆಯೂ ಬರೀ ನೀರು ಕುಡಿದು ಪದ್ಮಾವತಿಗೆ ಜೊತೆಯಾಗಿ ಕಟ್ಟೆಯ ಮೇಲೆ ಕುಳಿತಿದ್ದರು. ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಪದ್ಮಾವತಿಯನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಕೂಸಿನಂತೆ ಒಯ್ದು ಪ್ರದರ್ಶನದ ನೀಲಿ ತೊಟ್ಟಿಗೆ ಬಿಟ್ಟೆ. ಪಕ್ಕದ ತೊಟ್ಟಿಗಳ ನೀರು ತಿಳಿಯಾಗಿತ್ತು. ನಮ್ಮದು ನೋಡನೋಡುತ್ತ ಅಕ್ಕಿ ತೊಳೆದ ನೀರಾಯಿತು. ಜಪಾನಿನಿಂದ ಬಂದ ತೀರ್ಪುಗಾರರು ಬಗ್ಗಿ ನೋಡಿ, ವಿನಯದಿಂದ ತಲೆಬಾಗಿ, ಮುಂದಿನ ತೊಟ್ಟಿಗೆ ಹೋದರು. ಆ ವಿನಯ ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಅಲ್ಲಿಗೆ ನನ್ನ ಕನಸು ಖಲಾಸ್.

ಮನೆಗೆ ಬಂದು, ಪದ್ಮಾವತಿಯನ್ನು ಕೊಳಕ್ಕೆ ಬಿಟ್ಟು, ಜೋಲುಮುಖದಲ್ಲಿ ಊಟದ ಮೇಜಿಗೆ ಕುಳಿತೆ. ಅತ್ತೆ ಬಿಸಿಬಿಸಿ ನೀರುದೋಸೆ ತಂದು ಹಾಕಿದರು. "ಬೆಳಿಗ್ಗೆ ಅದಕ್ಕೆ ಯಾರಾದ್ರೂ ಏನಾದ್ರೂ ತಿನ್ನಿಸಿದ್ರಾ?" ಎಂದು ಕೇಳಿದೆ.

"ನಾನೇ. ಇವತ್ತು ದ್ವಾದಶಿ ಅಲ್ವಾ? ನನ್ನ ಪಾರಣೆ ಆಗುವಾಗ ಅದಕ್ಕೂ ನೆನೆಸಿದ ಅವಲಕ್ಕಿ ಹಾಕಿದೆ. ಪಾರಣೆ ಇಲ್ಲದ ಉಪವಾಸಕ್ಕೆ ಫಲ ಉಂಟಾ?"

ಅತ್ತೆಗೆ ಎದುರಾಡುವ ಕ್ರಮ ನಮ್ಮಲ್ಲಿಲ್ಲ. ಆದರೂ ಸಂಕಟ ತಡೆಯದೆ, "ಬಹುಮಾನ ಹೋಯ್ತಲ್ಲ ಅತ್ತೆ" ಎಂದೆ.

"ಬಹುಮಾನ ಬೇಕಿದ್ದದ್ದು ಯಾರಿಗೆ?"

"ನನಗೆ."

"ಹಾಗಾದ್ರೆ ಉಪವಾಸ ಕೂರ್ಬೇಕಾದದ್ದು ನೀವಲ್ವಾ? ಪಾಪದ ಮೀನನ್ನು ಎಂತಕ್ಕೆ ಕೂರಿಸಿದ್ದು?"

ಇದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ಆದರೆ ಬಾಯಿ ತುಂಬ ನೀರುದೋಸೆಯೂ ಇತ್ತು.