ಗಾಜಿನ ಪೆಟ್ಟಿಗೆಯ ಕೀಲಿಕೈ

ಇಷ್ಟು ಸಣ್ಣ ಮ್ಯೂಸಿಯಮ್ಮಿನಲ್ಲಿ ಏನು ಗಲಾಟೆ ಇರುತ್ತದೆ ಎಂದು ಕೇಳುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಅವರನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ಕೇಳುವುದಿಲ್ಲ.

ಹೊಸ ಶತಮಾನ ಶುರುವಾಗಿ ಆರೇಳು ವರ್ಷವಾಗಿತ್ತು. ನನಗೆ ಅಮೆರಿಕಾದ ಲಿನ್‌ವುಡ್‌ನಲ್ಲಿ ಸ್ವಂತ ಹೊಲಿಗೆ ಅಂಗಡಿ. ವಾರದಲ್ಲಿ ಎರಡು ದಿನ ಎವರೆಟ್ ಹತ್ತಿರದ ಊರ ಮ್ಯೂಸಿಯಮ್ಮಿನಲ್ಲಿ ಸಂಬಳವಿಲ್ಲದ ಕೆಲಸ. ಶಾಲೆಗೆ ಹೋದದ್ದು ಏಳನೇ ಇಯತ್ತೆಯವರೆಗೆ. ಉಳಿದದ್ದನ್ನು ಲೈಬ್ರರಿಯಲ್ಲಿ ಕೂತು ನಾನೇ ಓದಿಕೊಂಡೆ. ಜರ್ಮನಿ–ಪೋಲೆಂಡ್ ಗಡಿಯಲ್ಲಿ ಒಂದೇ ಸೀಮೆಯ ಚರಿತ್ರೆಯನ್ನು ಎರಡೂ ಭಾಷೆಯಲ್ಲಿ ಬರೆದು ತೂಗುಹಾಕುವ ಮ್ಯೂಸಿಯಮ್ಮುಗಳಿವೆ ಎಂದು ಓದಿದ್ದೂ ಅಲ್ಲಿಯೇ. ನಾನು ನಿಪ್ಪಾಣಿಯವಳು. ಗಡಿ ಜಗಳ ನೋಡುತ್ತಲೇ ಬೆಳೆದವಳು. ಅಂಥದೊಂದು ಕೋಣೆ ನಾನೂ ಮಾಡುತ್ತೇನೆ ಎಂದೆ.

ಡೈರೆಕ್ಟರ್ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆಗಲಿ. ಆದರೆ ಉದ್ಘಾಟನೆಯ ಹೊತ್ತಿಗೆ ಸರಿಯಾಗದಿದ್ದರೆ ಆ ಕೋಣೆಯಲ್ಲಿ ಮೊದಲಿದ್ದ ಮರ ಕೊಯ್ಯುವ ಗರಗಸಗಳನ್ನೇ ಮತ್ತೆ ಇಡುತ್ತೇನೆ." ಸರಿಯಾದರೆ? "ಗೋಡೆಯ ಮೇಲೆ ನಿಮ್ಮ ಹೆಸರು."

ಡಿಗ್ರಿ ಇಲ್ಲದವಳ ಹೆಸರು ಗೋಡೆಯ ಮೇಲೆ! ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ.

೧. ತಿರುಗುವ ಊರು

ಆ ಜರ್ಮನಿ–ಪೋಲೆಂಡ್ ಗಡಿಯ ಒಂದೇ ಊರಿನವರಿಬ್ಬರು ನಮ್ಮಲ್ಲಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರು ಪೋಲೆಂಡಿಗೆ ಸೇರಿ, ಮನೆಗೆ ಬೀಗ ಹಾಕಿಕೊಂಡು ಹೊರಟ ಜರ್ಮನ್ ಅಜ್ಜಿ ಒಬ್ಬಳು. ಖಾಲಿ ಬಿದ್ದ ಅದೇ ಓಣಿಗೆ ಅಪ್ಪನ ಜೊತೆ ಬಂದು ನೆಲೆಸಿದ ಪೋಲಿಷ್ ಅಜ್ಜ ಒಬ್ಬ. ಇಬ್ಬರೂ ಆಡುತ್ತಿದ್ದುದು ಇಂಗ್ಲಿಷ್. ನನ್ನ ಕಿವಿಗೆ ಮಾತ್ರ ನಿಪ್ಪಾಣಿ ಸಂತೆಯೇ ಕೇಳಿಸುತ್ತಿತ್ತು. ಹಾಗೆಯೇ ಬರೆಯುತ್ತೇನೆ.

ಇಬ್ಬರೂ ಒಂದೊಂದು ನಕ್ಷೆ ತಂದರು. ಒಂದರಲ್ಲಿ ಊರಿಗೆ ಜರ್ಮನ್ ಹೆಸರು, ಇನ್ನೊಂದರಲ್ಲಿ ಪೋಲಿಷ್ ಹೆಸರು.

"ನಂದು ಮ್ಯಾಲ ಇರಲಿ," ಎಂದಳು ಅಜ್ಜಿ.

"ಯಾಕ? ಈಗ ಊರು ಯಾರ ಕಡೆ ಐತಿ?" ಎಂದ ಅಜ್ಜ.

ಅಕ್ಕಪಕ್ಕ ಹಾಕಿದೆ. ಎಡಗಡೆಯದನ್ನು ಜನ ಮೊದಲು ನೋಡುತ್ತಾರೆಂದು ಮತ್ತೆ ರಗಳೆ. ಕೊನೆಗೆ ರೋಸಿಹೋಗಿ ಎರಡಕ್ಕೂ ಬೆನ್ನಿಗೆ ಬೆನ್ನು ಹಚ್ಚಿ, ಕೋಣೆಯ ನಡುವೆ ದಾರದಲ್ಲಿ ತೂಗುಬಿಟ್ಟೆ. ಹೀಟರ್ ಗಾಳಿ ಬೀಸಿದಾಗಲೆಲ್ಲ ಊರು ಜರ್ಮನಿಯಿಂದ ಪೋಲೆಂಡಿಗೆ, ಪೋಲೆಂಡಿನಿಂದ ಜರ್ಮನಿಗೆ ತಿರುಗತೊಡಗಿತು.

ಮರುದಿನದಿಂದ ಹೀಟರ್ ಸ್ವಿಚ್ಚಿನ ಪಕ್ಕದ ಕುರ್ಚಿಗೆ ಜಗಳ.

೨. ಗಸಗಸೆ

ಉದ್ಘಾಟನೆಗೆ ತಿನಿಸು ಬೇಕಲ್ಲ. ಇಬ್ಬರೂ ಗಸಗಸೆ ಕೇಕ್ ಮಾಡಿ ತಂದರು. ನೋಡಲು ಎರಡೂ ಒಂದೇ.

"ಇದು ನಮ್ಮದು. ಅವರು ನಮ್ಮ ಒಲಿ ಮ್ಯಾಲೇ ಕಲತದ್ದು," ಎಂದಳು ಅಜ್ಜಿ.

"ನಮ್ಮವ್ವ ಅಲ್ಲಿಗೆ ಬರೂಕಿಂತ ಮೊದಲಽ ಮಾಡ್ತಿದ್ಲು!"

ತೀರ್ಪು ಹೇಳಲು ನನ್ನ ಗಂಡನನ್ನು ಕೂರಿಸಿದೆ. ಬೆಲ್ವ್ಯೂನಲ್ಲಿ ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ಸಿಕ್ಕಿ, ಹಸಿದು ಬಂದಿದ್ದ ಮನುಷ್ಯ. ಎರಡನ್ನೂ ಪೂರ್ತಿ ತಿಂದು, ಬಾಯಿ ಒರೆಸಿಕೊಂಡು, "ಎರಡೂ ಅಷ್ಟಕ್ಕಷ್ಟೇ. ಗಸಗಸೆ ಅಂದರೆ ನಮ್ಮ ಪಾಯಸ ಕಣ್ರೀ," ಎಂದ.

ಜರ್ಮನಿ, ಪೋಲೆಂಡ್ ಒಂದಾದದ್ದನ್ನು ಅವತ್ತೇ ನೋಡಿದೆ. ಒಂದಾದದ್ದು ನನ್ನ ಗಂಡನ ಮೇಲೆ.

೩. ಬರೆಯದ ಮಾತು

ಅಜ್ಜಿಯ ಹತ್ತಿರ ಬೀಗ ಹಾಕಿ ಬಿಟ್ಟುಬಂದ ಆ ಮನೆಯ ಕೀಲಿಕೈ ಇತ್ತು. ಕಬ್ಬಿಣದ್ದು, ನನ್ನ ಅಂಗೈಯಷ್ಟು ಉದ್ದ. ಅರವತ್ತು ವರ್ಷ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದಳು. ಇಡೀ ಕೋಣೆಗೆ ಅದೇ ಜೀವ.

ಕೆಳಗೆ ಏನು ಬರೆಯಬೇಕು? "ಕಸಗೊಂಡ ಮನಿ ಕೀಲಿಕೈ ಅಂತ ಬರೀರಿ," ಎಂದಳು.

ಅಜ್ಜ ಎದ್ದು ನಿಂತ. "ನಾವೇನ ಕಸಗೊಂಡಿಲ್ಲ! ನಮ್ಮನ್ನೂ ನಮ್ಮೂರಿಂದ ಹೊರಗ ಹಾಕಿದ್ರು. ಬಂದು ನೋಡಿದ್ರ ಓಣಿ ತುಂಬ ಬೀಗ. ಒಂದಕ್ಕೂ ಕೀಲಿಕೈ ಇಲ್ಲ. ಕೀಲಿಕೈ ಒಯ್ದವರನ್ನ ನಮ್ಮಪ್ಪ ಸಾಯೂತನಕ ಬೈದಾನ."

"ಹಂಗಾರ ನಾ ಇದನ್ನ ಕೊಡೂದೇ ಇಲ್ಲ," ಎಂದು ಅಜ್ಜಿ ಕರವಸ್ತ್ರ ಸುತ್ತಿದಳು.

ನನ್ನ ಕಣ್ಣ ಮುಂದೆ ಗರಗಸಗಳು ಸಾಲಾಗಿ ಬಂದವು. ಚೀಟಿ ಎಳೆದುಕೊಂಡು "ಒಂದು ಮನೆಯ ಕೀಲಿಕೈ" ಎಂದಷ್ಟೇ ಬರೆದೆ. ಇಬ್ಬರೂ ಕನ್ನಡಕ ಹಾಕಿಕೊಂಡು ಓದಿದರು. ಜಗಳ ತೆಗೆಯಲು ಒಂದು ಪದವೂ ಸಿಗದೆ, ನನ್ನ ಕೈಬರಹ ಚೆನ್ನಾಗಿಲ್ಲ ಎಂದರು.

೪. ಉದ್ಘಾಟನೆ

ಅಜ್ಜಿಯ ಕೀಲಿಕೈ ಇಡಲು ಬೀಗವಿರುವ ಗಾಜಿನ ಪೆಟ್ಟಿಗೆ ತರಿಸಿದ್ದೆವು; ಅದಕ್ಕೆ ಕೀಲಿಕೈ ಎರಡಿದ್ದವು. ಒಂದು ತಮ್ಮ ಹತ್ತಿರ ಇರಲಿ ಎಂದರು ಡೈರೆಕ್ಟರ್ ಸಾಹೇಬರು. "ಕೋಣೆ ನನ್ನದು, ಕೀಲಿಕೈಯೂ ನನ್ನ ಹತ್ತಿರವೇ ಇರುತ್ತದೆ," ಎಂದು ಎರಡನ್ನೂ ಕಿತ್ತುಕೊಂಡಿದ್ದೆ.

ಭಾನುವಾರ ಜನ ಸೇರಿದರು. ಪೆಟ್ಟಿಗೆಯೊಳಗೆ ಅಜ್ಜಿ ತಾನೇ ತನ್ನ ಕೀಲಿಕೈ ಇಡಬೇಕು, ಅದೇ ಉದ್ಘಾಟನೆ. ನಾನು ಪರ್ಸಿಗೆ ಕೈ ಹಾಕಿದೆ. ಪರ್ಸ್ ಬೋರಲು ಹಾಕಿದೆ. ಎರಡೂ ಲಿನ್‌ವುಡ್‌ನಲ್ಲಿ, ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಭದ್ರವಾಗಿದ್ದವು.

ಸಾಹೇಬರು ಗಡಿಯಾರ ನೋಡಿಕೊಂಡರು. ಅಜ್ಜಿ, "ಇದು ಒಳಗ ಹೋಗಬಾರದು ಅಂತನಽ ಐತಿ. ನಾ ಮನಿಗೆ ಹೋಗ್ತೇನಿ," ಎಂದು ಕೋಟು ಹುಡುಕತೊಡಗಿದಳು.

ಆಗ ಅಜ್ಜ ನನ್ನ ಪಕ್ಕ ಬಂದ. "ತಂಗಿ, ತುರುಬಿನ ಪಿನ್ನು ಒಂದು ಕೊಡವಾ."

ಕೊಟ್ಟೆ. ಬಗ್ಗಿ, ಕಿವಿ ಹಚ್ಚಿ, ಮೆಲ್ಲಗೆ ತಿರುವಿದ. ಟಕ್ ಎಂದಿತು. ಗಾಜಿನ ಬಾಗಿಲು ತೆರೆಯಿತು. ಜನ ಚಪ್ಪಾಳೆ ತಟ್ಟಿದರು.

ಅಜ್ಜಿ ಒಬ್ಬಳು ತಟ್ಟಲಿಲ್ಲ. "ಓಹೋ! ನಮ್ಮ ಓಣಿಗೂ ಹಿಂಗಽ ಹೊಕ್ಕಿರೇನು?"

ನನ್ನ ಕೋಣೆ ಮುಗಿಯಿತು ಅಂದುಕೊಂಡೆ.

"ಇಲ್ರೀ ಅಕ್ಕಾರ," ಎಂದ ಅಜ್ಜ, ತಣ್ಣಗೆ. "ಇದು ಅಮೆರಿಕಾದ ಬೀಗ. ನಿಮ್ಮೂರ ಬೀಗ ಭಾಳ ಗಟ್ಟಿ. ನನಗೂ ನಮ್ಮಪ್ಪಗೂ ಅರ್ಧ ದಿನ ಹಿಡೀತು."

ಅಜ್ಜಿಯ ಗದ್ದ ಮೇಲೇರಿತು. "ಹಿಡೀಬೇಕಽ. ಆ ಓಣಿ ಬೀಗ ಎಲ್ಲಾ ನಮ್ಮಪ್ಪ ಮಾಡಿದ್ದು," ಎಂದಳು. ತುಟಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ, ನಕ್ಕೇಬಿಟ್ಟಳು. ನಗುತ್ತಲೇ ಕರವಸ್ತ್ರ ಬಿಚ್ಚಿ ಕೀಲಿಕೈ ಒಳಗಿಟ್ಟಳು.

ಗೋಡೆಯ ಮೇಲೆ ನನ್ನ ಹೆಸರು ಬಂತು. ಅದನ್ನು ನೋಡಿ ಕಣ್ಣು ಒರೆಸಿಕೊಳ್ಳಲು ಇಬ್ಬರೂ ಬಿಟ್ಟರೆ ತಾನೆ! ನನ್ನ ಹೆಸರಿನ ಕೆಳಗೆ "ಬೀಗ ತೆಗೆದವರು" ಎಂದು ತನ್ನ ಹೆಸರೂ ಬರಬೇಕೆಂದು ಅಜ್ಜ ಹಟ ಹಿಡಿದ.

ಅಜ್ಜಿ ನನ್ನ ಕೈಗೆ ಪೆನ್ನು ಕೊಟ್ಟಳು. "ಬರೀವಾ. ಅಲ್ಲೊಮ್ಮೆ, ಇಲ್ಲೊಮ್ಮೆ. 'ಎರಡು ಸಲ' ಅಂತ ಸೇರಿಸಿ ಬರಿ."