ಇಬ್ಬರೇ ಹೋಗಬೇಕಿದ್ದ ಸಮುದ್ರ

ಎಲಾದಿಯೋ ಮಾಡಿದ ತಪ್ಪು ಒಂದೇ. ಶನಿವಾರ ನಸುಕಿನಲ್ಲಿ ಪಕ್ಕದ ಮನೆಯ ಹಿರಿಯಾಕೆ ದೋನ್ಯಾ ಸೊರಾಯ್ದಾ ಅವರ ಬಾಗಿಲು ತಟ್ಟಿ ಐಸ್ ಪೆಟ್ಟಿಗೆ ಕೇಳಿದ.

ನಮ್ಮ ದೇಶದಲ್ಲಿ ಬೇಸಗೆ ಜನವರಿಯಲ್ಲಿ. ಆಗ ಕಾರ್ತಾಗೊ ಊರಿನ ಮನುಷ್ಯ ಐಸ್ ಪೆಟ್ಟಿಗೆ ಕೈಗೆತ್ತಿಕೊಂಡ ಅಂದರೆ ಅವನು ಸಮುದ್ರಕ್ಕೆ ಹೊರಟ ಅಂತಲೇ ಅರ್ಥ. ಬೆಟ್ಟದ ಮೇಲಿನ ಊರು. ಬೇಸಗೆಯಲ್ಲೂ ಬೆಳಿಗ್ಗೆ ಸ್ವೆಟರ್ ಬೇಕು. ಸಮುದ್ರ ಅಂದರೆ ಇಲ್ಲಿಯವರಿಗೆ ಮದುವೆಮನೆಗೆ ಕರೆ ಬಂದಂತೆ. ಕರೆಯದಿದ್ದರೂ ಹೋಗುತ್ತಾರೆ.

ದೋನ್ಯಾ ಸೊರಾಯ್ದಾ ರಾತ್ರಿಯ ಅಂಗಿಯಲ್ಲೇ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಕಡಲಿಗೆ ಮಗಾ?"

"ಎಸ್ತೆರಿಯೋಸ್‌ಗೆ. ಹೀಗೇ... ಸುಮ್ನೆ."

"ಸ್ಕೂಲ್ ವ್ಯಾನಲ್ಲಿ ಹೋಗ್ತೀಯಾ?"

"ಹೂಂ. ಮಕ್ಕಳಿಗೆ ರಜಾ ಅಲ್ವಾ, ವ್ಯಾನು ಖಾಲಿ ನಿಂತಿದೆ."

"ಎಷ್ಟು ಜನ?"

"ಇಬ್ರು."

"ಅಷ್ಟು ದೊಡ್ಡ ವ್ಯಾನಲ್ಲಿ ಇಬ್ರಾ! ಎರಡು ಕಡಲೆಕಾಳು ಹಾಕಿದ ಡಬ್ಬದ ಥರ ದಾರಿಯುದ್ದಕ್ಕೂ ಗಡಗಡ ಅಂತೀರಲ್ಲೋ. ನಾನೂ ಬರ್ಲಾ?"

ಬೇರೆ ಊರಿನವನಾಗಿದ್ದರೆ "ಇಲ್ಲಮ್ಮ, ಇನ್ನೊಂದು ಸಲ" ಎನ್ನುತ್ತಿದ್ದ. ನಮ್ಮಲ್ಲಿ ಎದುರು ನಿಂತ ಮುಖ ನೋಡಿಕೊಂಡು ಇಲ್ಲ ಅನ್ನುವವರು ಅಪರೂಪ. ನೋಡೋಣ ಅನ್ನುತ್ತೇವೆ, ದೇವರು ನಡೆಸಿದ ಹಾಗೆ ಅನ್ನುತ್ತೇವೆ, ತೀರಾ ಇಕ್ಕಟ್ಟಾದರೆ ಕೆಮ್ಮುತ್ತೇವೆ. ಎಲಾದಿಯೋಗೆ ಕೆಮ್ಮಲೂ ಬರುತ್ತಿರಲಿಲ್ಲ.

"ಅದಕ್ಕೇನಂತೆ, ಬನ್ನಿ," ಎಂದ.

ಅವನ ಪ್ಯಾಂಟಿನ ಜೇಬಿನಲ್ಲಿ ಕೆಂಪು ಮಕಮಲ್ಲಿನ ಪುಟ್ಟ ಡಬ್ಬಿ ಇತ್ತು. ಒಳಗೆ ಉಂಗುರ. ಔಷಧಿ ಅಂಗಡಿಯ ಯೊರ್ಲೇನಿಯ ಜೊತೆ ಅವನು ಓಡಾಡಲು ಶುರುಮಾಡಿ ಮೂರು ವರ್ಷವಾಗಿತ್ತು. ಕೇಳಬೇಕಾದದ್ದನ್ನು ಮಾತ್ರ ಕೇಳಿರಲಿಲ್ಲ. ಅವಳ ತಾಯಿ ದೋನ್ಯಾ ಎರ್ಮಿನಿಯಾ ಕಳೆದ ವಾರ ಬಾಗಿಲಲ್ಲೇ ತಡೆದು ಹೇಳಿದ್ದರು: "ಈ ಬೇಸಗೆ ಮುಗಿಯೋದ್ರೊಳಗೆ ಒಂದು ಮಾತು ಆಡು. ಇಲ್ಲಾಂದ್ರೆ ನನ್ನ ಸೋಫಾ ಮೇಲೆ ಬಂದು ಕೂರಬೇಡ." ಹೀಗಾಗಿ ಇವತ್ತು ಸೂರ್ಯ ಮುಳುಗುವ ಹೊತ್ತಿಗೆ, ಜನವಿಲ್ಲದ ಎಸ್ತೆರಿಯೋಸ್ ತೀರದಲ್ಲಿ, ಇಬ್ಬರೇ ಇದ್ದಾಗ ಕೇಳಿಬಿಡುವುದು ಎಂದು ಅವನು ನಿಶ್ಚಯ ಮಾಡಿಕೊಂಡಿದ್ದ. ಹೇಳಬೇಕಾದ ವಾಕ್ಯವನ್ನು ಖಾಲಿ ವ್ಯಾನಿನಲ್ಲಿ ಹಿಂದಿನ ಸೀಟುಗಳಿಗೆ ಹೇಳಿ ಅಭ್ಯಾಸವನ್ನೂ ಮಾಡಿದ್ದ.

ಅವನು ಟೈರಿಗೆ ಗಾಳಿ ಹಾಕಿಸಿಕೊಂಡು ಬರುವಷ್ಟರಲ್ಲಿ ಮನೆಯ ಮುಂದೆ ಅರ್ಧ ಬೀದಿ ನಿಂತಿತ್ತು. ಟವೆಲ್ಲು, ಛತ್ರಿ, ಗಾಳಿ ತುಂಬಿದ ರಬ್ಬರ್ ಬಾತುಕೋಳಿ. ನಡುವೆ ಮೇಜುಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ ದೊಡ್ಡ ಪಾತ್ರೆ, ಕೋಳಿ ಹಾಕಿದ ಅನ್ನ. ವ್ಯಾನು ನಿಂತದ್ದೇ ತಡ, ಅದನ್ನು ತೊಡೆಯ ಮೇಲಿಟ್ಟುಕೊಂಡು ದೋನ್ಯಾ ಸೊರಾಯ್ದಾ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು.

"ಹಿಂದೆ ಕೂತ್ರೆ ನಂಗೆ ವಾಂತಿ ಬರುತ್ತೆ ಮಗಾ. ಬೇಜಾರಿಲ್ಲ ತಾನೇ?"

"ಏನೂ ಇಲ್ಲ," ಎಂದ ಎಲಾದಿಯೋ.

ಯೊರ್ಲೇನಿ ಬಂದಳು. ಹೊಸ ನೀಲಿ ಫ್ರಾಕು ತೊಟ್ಟಿದ್ದಳು. ವ್ಯಾನನ್ನು ನೋಡಿದಳು, ಅವನನ್ನು ನೋಡಿದಳು. "ಇಬ್ಬರೇ ಹೋಗೋಣ ಅಂದಿದ್ರಿ," ಎಂದು ಮೆಲ್ಲಗೆ ಅಂದು, ಕೊನೆಯ ಸಾಲಿನಲ್ಲಿ ರಬ್ಬರ್ ಬಾತುಕೋಳಿಯ ಪಕ್ಕ ಕೂತಳು.

ವ್ಯಾನು ಊರ ಗಡಿ ದಾಟುವ ಮೊದಲೇ ಜಗಳ ಶುರುವಾಯಿತು.

"ಎಸ್ತೆರಿಯೋಸ್‌ನಲ್ಲಿ ಏನಿದೆ ಮಣ್ಣು? ಪುಂತಾರೆನಾಸ್‌ಗೆ ಹೋಗೋಣ, ಅಲ್ಲಿ ಐಸ್ ತುರಿ ತಿನ್ನೋಣ," ಎಂದರು ದೋನ್ ಉಲೀಸೆಸ್. ಅವರು ನಿವೃತ್ತ ಅಂಚೆಯವರು. ದೇಶದ ಪ್ರತಿ ಮನೆಯೂ ಗೊತ್ತು ಎಂಬುದು ಅವರ ನಂಬಿಕೆ.

"ಆಗ್ಲಿ," ಎಂದ ಎಲಾದಿಯೋ.

"ಮಾನುವೆಲ್ ಆಂತೊನಿಯೋಗೆ ಹೋದ್ರೆ ಕೋತಿ ನೋಡ್ಬಹುದು," ಎಂದರು ದೋನ್ಯಾ ಸೊರಾಯ್ದಾ.

"ಅದೂ ಆಗ್ಲಿ."

"ಸೇತುವೆ ಕೆಳಗೆ ಮೊಸಳೆ?" ಎಂದಿತು ಹಿಂದಿನಿಂದ ಒಂದು ದನಿ.

"ಮೊಸಳೇನೂ ನೋಡೋಣ."

ಪುಂತಾರೆನಾಸ್‌ನಲ್ಲಿ ಎಲ್ಲರೂ ಹಾಲಿನಪುಡಿ, ಐಸ್ ಕ್ರೀಮ್ ಸುರಿದ ಕೆಂಪು ಐಸ್ ತುರಿ ತಿಂದರು. ಸಾಲು ಉದ್ದವಿತ್ತು, ಯೊರ್ಲೇನಿಗೆ ತಂದ ಲೋಟವನ್ನು ದಾರಿಯಲ್ಲಿ ಯಾರೋ "ನಂಗಾ ಇದು?" ಎಂದು ಕೇಳಿದ್ದರಿಂದ ಎಲಾದಿಯೋ ಅವರಿಗೇ ಕೊಟ್ಟ. ತಾರ್ಕೋಲೆಸ್ ಸೇತುವೆಯ ಮೇಲೆ ನಿಂತು ಮೊಸಳೆಗಳನ್ನು ನೋಡಿದರು. ಮೊಸಳೆಗಳು ಬಾಯಿ ತೆರೆದುಕೊಂಡು, ಬಿಸಿಲಿಗೆ ಬಿದ್ದ ಹಳೆಯ ಸೂಟ್‌ಕೇಸುಗಳಂತೆ ಮಲಗಿದ್ದವು. ಅಲ್ಲಿಂದ ಮುಂದೆ ಹಸಿವು ಕೋತಿಗಳನ್ನು ಮರೆಸಿತು. ಎಲ್ಲರೂ ಎಸ್ತೆರಿಯೋಸೇ ಸಾಕು ಅಂದರು.

ಎಲಾದಿಯೋಗೆ ಜೀವ ಬಂದಂತಾಯಿತು. ಸೂರ್ಯ ಇನ್ನೂ ಮೇಲಿದ್ದಾನೆ. ಊಟವಾದ ಮೇಲೆ ಇವರೆಲ್ಲ ನಿದ್ದೆ ಮಾಡುತ್ತಾರೆ. ಆಗ ಕೇಳಬಹುದು.

"ದಾರಿ ನಾನು ಹೇಳ್ತೀನಿ," ಎಂದರು ದೋನ್ ಉಲೀಸೆಸ್. "ಹಳೇ ಹುಣಸೆಮರದಿಂದ ಇನ್ನೂರು ಮೀಟರ್ ಕಡಲ ಕಡೆ."

"ಮರ ಎಲ್ಲಿದೆ?"

"ಮರ ಈಗಿಲ್ಲ. ಕಡಿದು ಎಷ್ಟು ವರ್ಷ ಆಯ್ತು! ಆದ್ರೆ ಅದು ಇದ್ದ ಜಾಗ ಇದೆಯಲ್ಲ."

ಇಲ್ಲದ ಮರವನ್ನು ಮೂರು ಸಲ ಸುತ್ತಿ ಕೊನೆಗೆ ವ್ಯಾನು ಮರಳಿಗೇ ಇಳಿಯಿತು. ಕಡಲು ಬಹಳ ದೂರದಲ್ಲಿ ಬೆಳ್ಳಗೆ ಮಿನುಗುತ್ತಿತ್ತು. ನಡುವೆ ಚಪಾತಿ ಕಲ್ಲಿನಂಥ ಗಟ್ಟಿ, ಸಪಾಟು ಮರಳು. ಬೆಟ್ಟದ ಊರಿನವರಿಗೆ ಅಷ್ಟು ಜಾಗ ಕಂಡರೆ ವ್ಯಾನು ನಿಲ್ಲಿಸುವುದು ಬಿಟ್ಟು ಬೇರೇನೂ ತೋಚುವುದಿಲ್ಲ. ಆದರೂ ಎಲಾದಿಯೋ ಎಚ್ಚರಿಕೆಯವನು. ಬಲೆ ಹೊಲಿಯುತ್ತಿದ್ದ ಮೀನುಗಾರನನ್ನು ಕೇಳಿದ, "ಇಲ್ಲಿ ನಿಲ್ಲಿಸಬಹುದಾ ಯಜಮಾನ್ರೇ?"

ಮೀನುಗಾರ ವ್ಯಾನನ್ನು ನೋಡಿದ, ಪಾತ್ರೆಯನ್ನು ನೋಡಿದ, ಎಲ್ಲರ ನಗುಮುಖ ನೋಡಿದ. "ನಿಲ್ಲಿಸಬಹುದಪ್ಪಾ," ಎಂದ.

ಊಟವಾಯಿತು. ಅನ್ನ, ಕೋಳಿ, ಕಪ್ಪು ಬೀನ್ಸು. ಛತ್ರಿಗಳ ಕೆಳಗೆ ಗೊರಕೆ ಶುರುವಾಯಿತು. ಎಲಾದಿಯೋ ಮೆಲ್ಲಗೆ ಎದ್ದು ಯೊರ್ಲೇನಿಯ ಹತ್ತಿರ ಬಂದ. "ಒಂದು ಸ್ವಲ್ಪ ನಡೆದು ಬರೋಣ್ವಾ?"

"ನಡೆಯೋಣ," ಎಂದಳು ಅವಳು. ಬೆಳಗಿನಿಂದ ಮೊದಲ ಬಾರಿ ನಕ್ಕಳು. ಅವನ ಕೈ ಜೇಬಿನೊಳಗೆ ಹೋಯಿತು. ಡಬ್ಬಿ ಬೆರಳಿಗೆ ತಾಗಿತು. ಅಭ್ಯಾಸ ಮಾಡಿದ ವಾಕ್ಯದ ಮೊದಲ ಪದ ನಾಲಿಗೆಯ ತುದಿಗೆ ಬಂತು.

"ಮಗಾ!" ದೋನ್ಯಾ ಸೊರಾಯ್ದಾ ಕಿರುಚಿದರು. "ನಿನ್ನ ವ್ಯಾನು ಸ್ನಾನ ಮಾಡ್ತಿದೆ!"

ಬಯಲಿದ್ದ ಜಾಗದಲ್ಲಿ ಕಡಲಿತ್ತು. ಚಕ್ರಗಳು ಅರ್ಧ ಮುಳುಗಿದ್ದವು. ಅಲೆಯೊಂದು ಬಂದು ವ್ಯಾನಿನ ಬಾಗಿಲನ್ನು ಹಳೆಯ ನೆಂಟನಂತೆ ತಟ್ಟಿ ಹೋಯಿತು. ಎಲಾದಿಯೋ ಓಡಿದ. ನೀರಿಗೆ ಇಳಿಯುವ ಮುನ್ನ ಜೇಬು ಖಾಲಿ ಮಾಡಿ, ಫೋನು, ಕೈವಸ್ತ್ರ, ಮತ್ತೊಂದು ವಸ್ತು, ಎಲ್ಲವನ್ನೂ ಹತ್ತಿರವಿದ್ದ ಕೈಗೆ ತುರುಕಿದ. ಯಾರ ಕೈ ಎಂದು ನೋಡಲಿಲ್ಲ.

ಗಂಡಸರೆಲ್ಲ ತಳ್ಳಿದರು. ಮೀನುಗಾರ ಎಲ್ಲಿಂದಲೋ ಒಂದು ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಎಳೆದ. ವ್ಯಾನು ಕೆಮ್ಮುತ್ತ, ಉಪ್ಪುನೀರು ಉಗುಳುತ್ತ ಮೇಲೆ ಬಂತು.

"ನೀರು ಬರುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?" ಎಂದು ಎಲಾದಿಯೋ ಮೀನುಗಾರನನ್ನು ಕೇಳಿದ.

"ಗೊತ್ತಿತ್ತು. ದಿನಾ ಬರುತ್ತೆ. ಆದ್ರೆ ನೀವು ಅಷ್ಟು ಆಸೆಯಿಂದ ಕೇಳಿದ್ರಲ್ಲಪ್ಪಾ."

ಎಲಾದಿಯೋ ತಿರುಗಿ ನೋಡಿದ. ದೋನ್ಯಾ ಸೊರಾಯ್ದಾ ಕೆಂಪು ಡಬ್ಬಿಯನ್ನು ತೆರೆದು, ಚರ್ಚಿನ ಪ್ರಸಾದದಂತೆ ಎಲ್ಲರ ಮುಂದೆ ಹಿಡಿದು ತೋರಿಸುತ್ತಿದ್ದರು.

"ಅಯ್ಯೋ ನನ್ನಪ್ಪಾ, ಮೊದ್ಲೇ ಹೇಳ್ಬಾರ್ದಾ! ಬನ್ರೋ ಎಲ್ಲಾ, ದುಂಡಗೆ ನಿಂತ್ಕೊಳ್ಳಿ! ಯೊರ್ಲೇನಿ, ಬಾರೇ ಚಿನ್ನಾ, ನಡುವೆ ಬಾ. ಮಂಡಿಯೂರು ಎಲಾದಿಯೋ. ಆ ಕಡೆ ಅಲ್ಲ, ಬೆಳಕಿನ ಕಡೆ!"

ಸೊಂಟದವರೆಗೆ ಒದ್ದೆ, ಒಂದೇ ಕಾಲಲ್ಲಿ ಚಪ್ಪಲಿ, ಕಿವಿಯ ಮೇಲೆ ಕಡಲಪಾಚಿ. ಎಲಾದಿಯೋ ಮಂಡಿಯೂರಿದ. ಸುತ್ತ ಅಷ್ಟೂ ಫೋನುಗಳು ಮೇಲೆದ್ದವು. ಅಭ್ಯಾಸ ಮಾಡಿದ ವಾಕ್ಯ ಅಲೆಯ ಜೊತೆ ಕೊಚ್ಚಿಹೋಗಿತ್ತು.

"ಆಗ್ತೀರಾ?" ಎಂದಷ್ಟೇ ಅಂದ.

ಯೊರ್ಲೇನಿ ಒಮ್ಮೆ ಸುತ್ತಲೂ ನೋಡಿದಳು. ಮೀನುಗಾರನೂ ಟ್ರ್ಯಾಕ್ಟರಿನ ಮೇಲೆ ಕೂತು ಕಾಯುತ್ತಿದ್ದ.

"ಹೂಂ," ಎಂದಳು.

ಚಪ್ಪಾಳೆಗೆ ಹಕ್ಕಿಗಳು ಹಾರಿದವು. ದೋನ್ ಉಲೀಸೆಸ್ ಅತ್ತೇಬಿಟ್ಟರು. ದೋನ್ಯಾ ಸೊರಾಯ್ದಾ ಆಗಲೇ ಫೋನಿನಲ್ಲಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು.

ವಾಪಸು ಬರುವಾಗ ಮುಂದಿನ ಸೀಟನ್ನು ಮದುಮಗಳಿಗೆ ಬಿಟ್ಟುಕೊಟ್ಟರು. ಘಟ್ಟ ಹತ್ತುವಷ್ಟರಲ್ಲಿ ಹಿಂದೆ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಒರಗಿ ಮಲಗಿದ್ದರು. ಎಲಾದಿಯೋನ ಒದ್ದೆ ಪ್ಯಾಂಟು ಸೀಟಿಗೆ ಅಂಟಿತ್ತು, ಆದರೆ ಮನಸ್ಸು ಹಾರುತ್ತಿತ್ತು.

"ಎಲಾದಿಯೋ," ಎಂದಳು ಯೊರ್ಲೇನಿ, ತಗ್ಗಿದ ದನಿಯಲ್ಲಿ. "ಅಷ್ಟು ಜನರ ಮುಂದೆ ನಾನು ಬೇರೆ ಏನು ಹೇಳೋಕಾಗ್ತಿತ್ತು?"

ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಹಿಂದೆ ಯಾರದೋ ತಲೆ ಕಿಟಕಿಗೆ ಬಡಿಯಿತು.

"ಅಂದ್ರೆ... ನಿಮಗೆ ಇಷ್ಟ ಇಲ್ವಾ?"

"ನೀವು ಇಷ್ಟ. ಆದ್ರೆ ಬೆಳಿಗ್ಗೆಯಿಂದ ನೋಡ್ತಿದೀನಿ. ಸೀಟು ಕೇಳಿದ್ರೆ ಸೀಟು, ಮೊಸಳೆ ಕೇಳಿದ್ರೆ ಮೊಸಳೆ. ನನ್ನ ಐಸ್ ತುರೀನೂ ಕೊಟ್ಬಿಟ್ರಿ. ನಾಳೆ ನಮ್ಮ ಮಂಚದಲ್ಲಿ ಯಾರಾದ್ರೂ ಸ್ವಲ್ಪ ಜಾಗ ಕೇಳಿದ್ರೆ ಅದಕ್ಕೂ ಆಗ್ಲಿ ಅಂತೀರಿ."

ಎಲಾದಿಯೋ ಮತ್ತೆ ಗೇರು ಹಾಕಿದ. ಅವಳು ಹೇಳಿದ್ದು ನಿಜವೆಂದು ಅವನಿಗೂ ಅನಿಸಿತು.

"ಒಂದು ಕೆಲಸ ಮಾಡಿ," ಎಂದಳು ಅವಳು. "ನಾಳೆ ಒರೋಸಿಯ ಬಿಸಿನೀರಿನ ಕೊಳಕ್ಕೆ ಕರ್ಕೊಂಡು ಹೋಗು ಅಂತ ಸೊರಾಯ್ದಾ ಇಳಿದ ತಕ್ಷಣ ಕೇಳ್ತಾರೆ. ಆಗ್ಲೇ ಹಿಂದೆ ಮಾತಾಡ್ಕೊಂಡಿದಾರೆ. ಎಲ್ಲರ ಮುಂದೆ, ಗಟ್ಟಿಯಾಗಿ, ಇಲ್ಲ ಅಂದುಬಿಡಿ. ಒಂದೇ ಒಂದು ಇಲ್ಲ. ಅಂದ್ರೆ ಈ ಉಂಗುರ ನಾನು ತೆಗೆಯೋದಿಲ್ಲ."

ಉಳಿದ ದಾರಿಯುದ್ದಕ್ಕೂ ಎಲಾದಿಯೋ ಗಾಜಿನ ಆಚೆಯ ಕತ್ತಲಿಗೆ ತುಟಿ ಅಲ್ಲಾಡಿಸುತ್ತ ಹೇಳಿಕೊಂಡ. ಇಲ್ಲ. ಇಲ್ಲ. ಆಗಲ್ಲ. ಮೊದಮೊದಲು ಆ ಪದ ಬಾಯಿಗೆ ಹೊಸ ಹಲ್ಲಿನ ಸೆಟ್ಟಿನಂತೆ ಒತ್ತುತ್ತಿತ್ತು. ಕಾರ್ತಾಗೊದ ದೀಪಗಳು ಕಾಣುವ ಹೊತ್ತಿಗೆ ಸಲೀಸಾಯಿತು. ಒಂದೇ ತೊಡಕು: ಎದುರಿನವರ ಮುಖ ಕಂಡರೆ ಅದು ಗಂಟಲಲ್ಲೇ ಕರಗುತ್ತದೆ. ಅದಕ್ಕೂ ಅವನು ಉಪಾಯ ಹುಡುಕಿದ. ಕಣ್ಣು ಮುಚ್ಚಿಕೊಂಡು ಹೇಳುವುದು.

ವ್ಯಾನು ಯೊರ್ಲೇನಿಯ ಮನೆಯ ಮುಂದೆ ನಿಂತಿತು. ಎಲ್ಲರೂ ಇಳಿದರು, ಯಾರೂ ಮನೆಗೆ ಹೋಗಲಿಲ್ಲ. ಸುದ್ದಿ ಮೊದಲೇ ಮುಟ್ಟಿದ್ದರಿಂದ ಉಳಿದರ್ಧ ಬೀದಿಯೂ ಬಾಗಿಲಿಗೆ ಬಂದಿತ್ತು. ಯಾರೋ ಪಟಾಕಿಯನ್ನೂ ಹಚ್ಚಿದರು. ಯೊರ್ಲೇನಿ ಸೀಟಿನಲ್ಲೇ ಕೂತು ಕಿಟಕಿಯ ಗಾಜು ಇಳಿಸಿದಳು.

ಎಲಾದಿಯೋ ಇಳಿದು, ವ್ಯಾನಿಗೆ ಬೆನ್ನು ಕೊಟ್ಟು ನಿಂತ. ಕಣ್ಣು ಗಟ್ಟಿಯಾಗಿ ಮುಚ್ಚಿದ. ಎದುರಿಗೆ ಹೆಜ್ಜೆ ಸಪ್ಪಳ ಕೇಳಿತು. ಒಬ್ಬ ಹೆಂಗಸು ಗಂಟಲು ಸರಿಮಾಡಿಕೊಂಡರು. ಏನೋ ಕೇಳಿದರು. ಕೊನೆಯ ಪದ ಮುಗಿಯುವವರೆಗೂ ಅವನು ಕಾಯಲಿಲ್ಲ. ಕಾದರೆ ಧೈರ್ಯ ಸೋರಿಹೋಗುತ್ತಿತ್ತು.

"ಇಲ್ಲ!" ಎಂದು ಅವನು ಕೂಗಿದ. "ಆಗಲ್ಲ! ಇವತ್ತೂ ಆಗಲ್ಲ, ನಾಳೇನೂ ಆಗಲ್ಲ, ನನ್ನ ಕೈಲಿ ಸಾಯೋವರೆಗೂ ಆಗಲ್ಲ!"

ಪಟಾಕಿ ನಿಂತಿತು. ಎಲಾದಿಯೋ ಹೆಮ್ಮೆಯಿಂದ ಕಣ್ಣು ತೆರೆದ.

ಎದುರಿಗೆ ದೋನ್ಯಾ ಎರ್ಮಿನಿಯಾ ನಿಂತಿದ್ದರು. ಚರ್ಚಿಗೆ ಹೋಗುವಾಗ ತೊಡುವ ಒಳ್ಳೆಯ ಉಡುಪು, ಮುತ್ತಿನ ಸರ, ಅಪ್ಪಿಕೊಳ್ಳಲು ಚಾಚಿದ ಎರಡೂ ತೋಳು. ಅವನು ಕೇಳಿಸಿಕೊಳ್ಳದ ಪ್ರಶ್ನೆ ಈಗ ನಿಧಾನವಾಗಿ ಕಿವಿಯಿಂದ ತಲೆಗೆ ಇಳಿಯಿತು: "ನಿಜವಾಗ್ಲೂ ನನ್ನ ಮಗಳನ್ನ ಮದ್ವೆ ಆಗ್ತೀಯೇನಪ್ಪಾ?"

ಅವನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ದೋನ್ಯಾ ಎರ್ಮಿನಿಯಾ ತೋಳು ಇಳಿಸಿದರು, ವ್ಯಾನಿನ ಬಾಗಿಲು ತೆಗೆದರು, ಮಗಳ ಬೆರಳಿನಿಂದ ಉಂಗುರ ಕಳಚಿ ಅವನ ಅಂಗೈಯಲ್ಲಿಟ್ಟರು. ಯೊರ್ಲೇನಿ ತಾಯಿಯ ಹಿಂದೆ ನಡೆದಳು. ಬಾಗಿಲು ಮುಚ್ಚುವ ಮುನ್ನ ಅವಳು ತಿರುಗಿ ಅವನನ್ನು ನೋಡಿದ ನೋಟದಲ್ಲಿ, ಮೂರು ವರ್ಷದಲ್ಲಿ ಮೊದಲ ಸಲ, ಅಪ್ಪಟ ಗೌರವವಿತ್ತು.

ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ದೋನ್ಯಾ ಸೊರಾಯ್ದಾ ಹತ್ತಿರ ಬಂದು ಅವನ ಬೆನ್ನು ಸವರಿದರು.

"ಮನಸ್ಸಿಗೆ ಹಚ್ಕೋಬೇಡ ಮಗಾ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಕೂತ್ರೆ ಎಲ್ಲಾ ಹಗುರಾಗುತ್ತೆ. ನಾಳೆ ಒರೋಸಿಗೆ ಹೋಗೋಣ್ವಾ?"

ಎಲಾದಿಯೋ ಅವರ ಮುಖ ನೋಡಿದ.

"ಎಷ್ಟು ಗಂಟೆಗೆ ಹೊರಡೋಣ?" ಎಂದ.